ಚಳಿಗಾಲದಲ್ಲಿ ಹೊಳೆ ಬರುವ ಊರಿಗೆ ಬಾಣಂತನಕ್ಕೆ ಹೋಗುವ ಮುನ್ನ

ಪ್ರಶ್ನೆ: "ನಮ್ಮದು ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿನ ಊರು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತಳಾಗಿದ್ದೇನೆ. 2019ರ ಆಗಸ್ಟ್‌ನಲ್ಲಿ ಹೊಳೆ ಬಂದಾಗ ರಾತ್ರೋರಾತ್ರಿ ದನಕರು ಬಿಚ್ಚಿಕೊಂಡು ದಿನ್ನೆಯ ಮೇಲಿನ ಶಾಲೆಗೆ ಹೋದವರು ನಾವು. ಈಗ ಮಗಳು, ಅಳಿಯ ಜರ್ಮನಿಯ ಕಲೋನ್ ನಗರದಲ್ಲಿದ್ದಾರೆ. ಜನವರಿ ಕೊನೆಗೆ ಅವಳಿಗೆ ಹೆರಿಗೆಯ ದಿನ ಕೊಟ್ಟಿದ್ದಾರೆ. ನಾನು ಡಿಸೆಂಬರ್‌ನಲ್ಲಿ ಬಾಣಂತನಕ್ಕೆ ಹೋಗಿ ಮಾರ್ಚ್‌ವರೆಗೆ ಇರಬೇಕೆಂದು ಮಾತಾಗಿದೆ. ಅವರು ರೈನ್ ನದಿಯಿಂದ ಮೂರು ಓಣಿ ಈಚೆಗೆ ಒಂದು ಬಾಡಿಗೆ ಮನೆ ನೋಡಿದ್ದಾರೆ. ನೆಲಮಹಡಿ, ಅದರ ಕೆಳಗೊಂದು ನೆಲಮಾಳಿಗೆ. ಅಲ್ಲಿ ಚಳಿಗಾಲದಲ್ಲಿಯೇ ಹೊಳೆ ಬರುತ್ತದೆ ಎಂದು ಅಳಿಯ ಮಾತಿನ ನಡುವೆ ಹೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ಮಳೆಗಾಲ ಮುಗಿದ ಮೇಲೆ ಹೊಳೆ ಹೇಗೆ ಬರುತ್ತದೆ? ಬೆಚ್ಚಗಿನ ಮಳೆಗೆ ಬರ್ಫವೆಲ್ಲ ಒಮ್ಮೆಲೇ ಕರಗಿ ಬರುತ್ತದೆ ಎಂದು ಒಬ್ಬರು, ಅಲ್ಲಿಯೂ ಡ್ಯಾಮಿನ ಗೇಟು ತೆಗೆಯುತ್ತಾರೆ ಎಂದು ಇನ್ನೊಬ್ಬರು, ಆಲ್ಪ್ಸ್ ಪರ್ವತ ಕರಗುತ್ತಿದೆ, ನಾಳೆ ಹಿಮಾಲಯವೂ ಕರಗಿ ನಮ್ಮ ಹೊಳೆಗೂ ಬಂದೀತು ಎಂದು ಮತ್ತೊಬ್ಬರು ಹೇಳುತ್ತಾರೆ. ಮನೆಯ ಮಾಲೀಕರು 'ನದಿಗೆ ಗೋಡೆ ಇದೆ, ಚಿಂತೆ ಬೇಡ' ಎನ್ನುತ್ತಾರಂತೆ. ಆ ಮನೆ ಬೇಡವೆಂದು ಹೇಳಲೇ?"

ಉತ್ತರ: ಅಕ್ಕಾವರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿದ್ದು ಚಳಿಗಾಲದ ನೆರೆಯ ಬಗ್ಗೆಯಾದರೂ ನಿಮ್ಮ ನಿದ್ದೆ ಕೆಡಿಸಿರುವುದು 2019ರ ಆ ರಾತ್ರಿ ಎಂದು ನನಗೆ ಅನ್ನಿಸುತ್ತದೆ. ಕೈಯಲ್ಲಿ ಹಸುಗೂಸು, ಭಾಷೆ ಬಾರದ ಊರು, ಬಾಗಿಲಿಗೆ ಬಂದು ನಿಂತ ನೀರು, ಇವಿಷ್ಟನ್ನೂ ನೀವು ಒಂದೇ ಚಿತ್ರದಲ್ಲಿ ಕಾಣುತ್ತಿದ್ದೀರಿ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಕಲೋನ್‌ನಲ್ಲಿ ರೈನ್ ನದಿ ರಾತ್ರೋರಾತ್ರಿ ಮನೆಗೆ ನುಗ್ಗುವುದಿಲ್ಲ, ಅದು ದಿನಗಟ್ಟಲೆ ಮುಂಚಿತವಾಗಿ ಸುಳಿವು ಕೊಟ್ಟು ಏರುವ ನದಿ. ನೀವು ನೋಡಿಕೊಳ್ಳಬೇಕಾದುದು ಮುಂಬಾಗಿಲಿನಿಂದ ಬರುವ ನೀರನ್ನಲ್ಲ, ನೆಲಮಾಳಿಗೆಯಲ್ಲಿ ಕೆಳಗಿನಿಂದ ಏಳುವ ನೀರನ್ನು, ಮತ್ತು ಆ ನೀರು ಮನೆಯ ಕಾವನ್ನು ಕಿತ್ತುಕೊಂಡ ಮೇಲೆ ಉಳಿಯುವ ಚಳಿಯನ್ನು.

ಮೂವತ್ತಕ್ಕೂ ಹೆಚ್ಚು ವರ್ಷ ಮಲಪ್ರಭೆ, ಬೆಣ್ಣೆಹಳ್ಳ, ವರದಾ ನದಿಗಳ ನೀರಿನ ಮಟ್ಟ ಅಳೆಯುವುದರಲ್ಲಿಯೇ ಕಳೆದವನು ನಾನು. ಹೊಳೆ ಬರುವುದು ಇಂದು ಎಷ್ಟು ಮಳೆ ಬಿತ್ತು ಎಂಬುದರಿಂದ ಮಾತ್ರವಲ್ಲ, ಬಿದ್ದ ನೀರಿಗೆ ನೆಲದಲ್ಲಿ ಜಾಗ ಉಳಿದಿದೆಯೇ ಎಂಬುದರಿಂದ. ನಿಮ್ಮ ಎರೆಹೊಲವನ್ನೇ ನೋಡಿ. ಮೇ ತಿಂಗಳಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ, ಮುಂಗಾರಿನ ಮೊದಲ ದೊಡ್ಡ ಮಳೆ ಎಷ್ಟೇ ಸುರಿದರೂ ಹೊಲ ಅದನ್ನು ಕುಡಿದು ಸುಮ್ಮನಿರುತ್ತದೆ. ಅದೇ ಹೊಲ ಆಗಸ್ಟ್ ಹೊತ್ತಿಗೆ ನೀರುಂಡು ಉಬ್ಬಿ, ಬಿರುಕು ಮುಚ್ಚಿಕೊಂಡು, ಮೇಲೆ ಅಂಟಿನ ಲೇಪ ಕೊಟ್ಟಂತಾಗಿರುತ್ತದೆ. ಆಗ ಅದರ ಅರ್ಧದಷ್ಟು ಮಳೆ ಬಂದರೂ ಅಷ್ಟೂ ನೀರು ಹಳ್ಳಕ್ಕೆ ಹರಿಯುತ್ತದೆ. ರೈನ್ ಕಣಿವೆಯಲ್ಲಿ ಈ "ಆಗಸ್ಟ್" ಬರುವುದು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ. ಅಲ್ಲಿ ಮಳೆಗಾಲವೆಂಬ ಪ್ರತ್ಯೇಕ ಕಾಲವಿಲ್ಲ, ವರ್ಷವಿಡೀ ಮಳೆ ಬೀಳುತ್ತದೆ. ಬೇಸಿಗೆಯಲ್ಲಿ ಗಿಡಮರಗಳು ಎಲೆ ತುಂಬಿಕೊಂಡು ಆ ನೀರನ್ನು ಹೀರಿ ಗಾಳಿಗೆ ಬಿಡುತ್ತವೆ, ಬಿಸಿಲೂ ಒಂದಷ್ಟನ್ನು ಒಣಗಿಸುತ್ತದೆ. ಚಳಿಗಾಲದಲ್ಲಿ ಮರಗಳು ಬೋಳಾಗಿರುತ್ತವೆ, ಬಿಸಿಲು ಹೆಸರಿಗಷ್ಟೇ, ಮಣ್ಣು ನವೆಂಬರ್ ಹೊತ್ತಿಗೇ ತುಂಬಿರುತ್ತದೆ. ಕೆಲವು ವರ್ಷ ಅದು ಹೆಪ್ಪುಗಟ್ಟಿ ಕಲ್ಲಿನಂತಾಗುತ್ತದೆ, ಆಗ ಒಂದು ಹನಿಯೂ ಒಳಗಿಳಿಯುವುದಿಲ್ಲ.

ಇದರ ಮೇಲೆ ಹಿಮದ ಲೆಕ್ಕ ಸೇರುತ್ತದೆ. ಹಿಮವೆಂದರೆ ಬಿದ್ದರೂ ಇನ್ನೂ ಹರಿಯದ ಮಳೆ. ಹೊಸದಾಗಿ ಬಿದ್ದ ಹತ್ತು ಸೆಂಟಿಮೀಟರ್ ಹಿಮವನ್ನು ಕರಗಿಸಿದರೆ ಸುಮಾರು ಒಂದೇ ಸೆಂಟಿಮೀಟರ್ ನೀರು ಸಿಗುತ್ತದೆ, ಏಕೆಂದರೆ ಅದರಲ್ಲಿ ಗಾಳಿಯೇ ಹೆಚ್ಚು. ವಾರಗಟ್ಟಲೆ ಕೂತು ಕುಗ್ಗಿದ ಹಳೆಯ ಹಿಮವಾದರೆ ಅದೇ ದಪ್ಪದಲ್ಲಿ ಮೂರು, ನಾಲ್ಕು ಸೆಂಟಿಮೀಟರ್ ನೀರು ಅಡಗಿರುತ್ತದೆ. ಜನ ಹಿಮದ ಎತ್ತರ ನೋಡಿ ಹೆದರುತ್ತಾರೆ, ನಾವು ಅದರ ತೂಕ ಕೇಳುತ್ತೇವೆ.

ನಿಮ್ಮ ಊರಿನವರು ಹೇಳಿದ ಮೊದಲ ಮಾತು, ಬೆಚ್ಚಗಿನ ಮಳೆಯೇ ಹಿಮವನ್ನು ಕರಗಿಸಿಬಿಡುತ್ತದೆ ಎಂಬುದು, ಅಲ್ಲಿನ ಜನರೂ ನಂಬಿರುವ ಮಾತು. ಅದು ಅರ್ಧ ಮಾತ್ರ ನಿಜ. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಶಾಖ ಬೇಕು. ಚಳಿಗಾಲದ ಮಳೆಯ ನೀರು 8 ಡಿಗ್ರಿ ಸೆಲ್ಸಿಯಸ್ ಇದೆ ಎಂದುಕೊಂಡರೆ, ಅದು ಸೊನ್ನೆಗೆ ತಣಿಯುವಷ್ಟರಲ್ಲಿ ಗ್ರಾಂಗೆ 8 ಕ್ಯಾಲೊರಿ ಮಾತ್ರ ಬಿಟ್ಟುಕೊಡುತ್ತದೆ. ಎಂದರೆ 50 ಮಿಲಿಮೀಟರ್ ಮಳೆ ಬಿದ್ದರೆ ಅದರ ಶಾಖದಿಂದ ಕರಗುವ ಹಿಮದ ನೀರು 5 ಮಿಲಿಮೀಟರ್ ಅಷ್ಟೇ. ಹಾಗಾದರೆ ಬೆಟ್ಟಗಳು ಎರಡೇ ದಿನದಲ್ಲಿ ಬೋಳಾಗುವುದು ಹೇಗೆ? ಆ ಕೆಲಸ ಮಾಡುವುದು ಮಳೆಯ ಜೊತೆ ಬೀಸುವ ತೇವಭರಿತ ಗಾಳಿ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ತಂಬಿಗೆಯ ಹೊರಮೈಯಲ್ಲಿ ಹನಿಗಟ್ಟುವುದನ್ನು ನೋಡಿದ್ದೀರಲ್ಲ, ಹಾಗೆಯೇ ಆ ಗಾಳಿಯಲ್ಲಿನ ಆವಿ ತಣ್ಣನೆಯ ಹಿಮದ ಮೇಲೆ ನೀರಾಗಿ ಕೂಡುತ್ತದೆ, ಕೂಡುವಾಗ ತನ್ನೊಳಗಿನ ಶಾಖವನ್ನೆಲ್ಲ ಬಿಡುತ್ತದೆ. ಒಂದು ಗ್ರಾಂ ಆವಿ ಹೀಗೆ ನೀರಾದರೆ ಏಳು ಗ್ರಾಂಗೂ ಹೆಚ್ಚು ಹಿಮ ಕರಗುತ್ತದೆ. ಹಿಂದೆ ಹುಬ್ಬಳ್ಳಿಯಲ್ಲಿ ಮದುವೆಗಳಿಗೆ ಬರ್ಫದ ಚಪ್ಪಡಿ ತರಿಸಿ ಕಟ್ಟಿಗೆಹೊಟ್ಟು ಸುರಿದು ಗೋಣಿತಾಟು ಹೊದಿಸಿ ಇಡುತ್ತಿದ್ದರು. ಅದರ ಮೇಲೆ ಒಂದು ಕೊಡ ನೀರು ಸುರಿದರೂ ಸಣ್ಣ ತಗ್ಗು ಬೀಳುತ್ತಿತ್ತಷ್ಟೆ. ತಾಟು ಸರಿಸಿ ಬೀಸುವ ತೇವದ ಗಾಳಿಗೆ ಬಿಟ್ಟರೆ ಮಾತ್ರ ಊಟದ ಪಂಕ್ತಿ ಏಳುವುದರೊಳಗೆ ಚಪ್ಪಡಿ ಅರ್ಧವಾಗುತ್ತಿತ್ತು. 1996ರ ಜನವರಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಭಾರೀ ಹಿಮಪಾತವಾಗಿ ಎರಡು ವಾರ ಕಳೆಯುವುದರೊಳಗೆ ಇಂಥದೇ ಬೆಚ್ಚನೆಯ, ತೇವದ ಗಾಳಿ ಮಳೆಯೊಡನೆ ಬಂದು ಸಸ್ಕ್ವಿಹಾನಾ ನದಿಗೆ ದೊಡ್ಡ ನೆರೆ ತಂದಿತು.

ಇದು ಪಾಠದ ವಿಷಯವಷ್ಟೇ ಎಂದು ನೀವು ಅಂದುಕೊಳ್ಳಬಾರದು. ನಿಮಗೆ ಇದರಿಂದ ಆಗುವ ಉಪಯೋಗವೆಂದರೆ, ಅಲ್ಲಿದ್ದಾಗ ಹವಾಮಾನದ ವರದಿಯಲ್ಲಿ "ಮಳೆ" ಎಂಬ ಮಾತೊಂದನ್ನೇ ಹಿಡಿದು ಕೂರಬೇಡಿ. ಬೆಟ್ಟಗಳಲ್ಲಿ ಹಿಮವಿದ್ದು, ರಾತ್ರಿಯೂ ಉಷ್ಣತೆ ಸೊನ್ನೆಗಿಂತ ಸಾಕಷ್ಟು ಮೇಲಿದ್ದು, ಪಶ್ಚಿಮದ ಗಾಳಿ ಜೋರಾಗಿ ಬೀಸಿ, ಎರಡು ಮೂರು ದಿನ ಬಿಡದೆ ಮಳೆ ಹಿಡಿದರೆ, ಆಗ ಗಮನ ಕೊಡಿ. ಇನ್ನೊಂದು ಸೂಕ್ಷ್ಮವೂ ಇದೆ. ಹಿಮದ ಹಾಸು ಮೊದಲ ದಿನದ ಮಳೆಯನ್ನು ಅರಳೆಯ ಮೂಟೆಯ ಹಾಗೆ ಹೀರಿಕೊಂಡು ನದಿಗೆ ಏನೂ ಬಿಡದೆ ಇರಬಹುದು. ಮೂಟೆ ತೊಯ್ದು ಭರ್ತಿಯಾದ ಮೇಲೆ ಮಾತ್ರ ಮಳೆಯ ನೀರು, ಕರಗಿದ ನೀರು ಎರಡೂ ಕೂಡಿ ಇಳಿಯುತ್ತವೆ. ಮೊದಲ ದಿನ ನದಿ ಸುಮ್ಮನಿತ್ತು ಎಂದು ಮೈಮರೆತವರು ಮೋಸಹೋಗುವುದು ಇಲ್ಲಿಯೇ.

ಆಲ್ಪ್ಸ್ ಬಗೆಗಿನ ಮಾತು ಕಲೋನ್‌ನ ಚಳಿಗಾಲದ ಮಟ್ಟಿಗೆ ತಪ್ಪು. ಜನವರಿಯಲ್ಲಿ ಆಲ್ಪ್ಸ್‌ನ ಎತ್ತರದ ಹಿಮ ಗಟ್ಟಿಯಾಗಿಯೇ ಕೂತಿರುತ್ತದೆ, ಅದು ಕರಗುವುದು ಬೇಸಿಗೆಯಲ್ಲಿ. ಅದಕ್ಕೇ ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ರೈನ್ ತುಂಬಿ ಹರಿಯುವುದು ಜೂನ್, ಜುಲೈನಲ್ಲಿ, ಅದೇ ನದಿ ಕೆಳಗೆ ಕಲೋನ್‌ನಲ್ಲಿ ತುಂಬುವುದು ಚಳಿಗಾಲದಲ್ಲಿ. ಒಂದೇ ನದಿಗೆ ಎರಡು ಋತು. ಕಲೋನ್‌ಗೆ ಚಳಿಗಾಲದಲ್ಲಿ ನೆರೆ ತರುವುದು ಐಫೆಲ್, ಹುನ್ಸ್‌ರ್ಯೂಕ್, ಬ್ಲ್ಯಾಕ್ ಫಾರೆಸ್ಟ್‌ಗಳಂಥ ನಡುಎತ್ತರದ ಬೆಟ್ಟಗಳ ಮಳೆ ಮತ್ತು ಹಿಮ, ಅದು ಬಹುಪಾಲು ಮೋಸೆಲ್, ಮೈನ್, ನೆಕರ್ ಎಂಬ ಉಪನದಿಗಳ ಮೂಲಕ ಬರುತ್ತದೆ. ಡ್ಯಾಮಿನ ಗೇಟಿನ ಮಾತೂ ಅಲ್ಲಿಗೆ ಹೊಂದುವುದಿಲ್ಲ. ಇಫೆಟ್ಸ್‌ಹೈಮ್ ಎಂಬಲ್ಲಿಂದ ಕೆಳಗೆ, ಎಂದರೆ ಕಲೋನ್ ದಾಟಿ ಸಮುದ್ರದ ಕಡೆಗೆ ಸಾಗುವ ಜರ್ಮನಿಯ ಭಾಗದಲ್ಲೆಲ್ಲ, ರೈನ್‌ಗೆ ಅಡ್ಡವಾಗಿ ಒಂದೂ ಅಣೆಕಟ್ಟಿಲ್ಲ. ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರು ಎಂಬ ಸುದ್ದಿಗೆ ಕಿವಿಗೊಟ್ಟು ಬದುಕಿದ ನಮಗೆ ಇದು ವಿಚಿತ್ರವೆನಿಸುತ್ತದೆ. ಗೇಟು ಇಲ್ಲದಿರುವುದರಲ್ಲಿ ಒಂದು ಅನುಕೂಲವೂ ಇದೆ, ಒಂದು ಅನಾನುಕೂಲವೂ ಇದೆ: ಹಠಾತ್ತಾಗಿ ನೀರು ಬಿಡುವವರು ಯಾರೂ ಇಲ್ಲ, ತಡೆದು ಹಿಡಿಯುವವರೂ ಯಾರೂ ಇಲ್ಲ.

ಹಿಮಾಲಯದ ನೀರು ಮಲಪ್ರಭೆಗೆ ಬರುವ ದಾರಿಯೇ ಇಲ್ಲವೆಂದು ನಿಮ್ಮ ನೆರೆಯವರಿಗೆ ಧೈರ್ಯವಾಗಿ ಹೇಳಿ. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವವರೆಗೆ ಮಳೆಯ ನೀರನ್ನಷ್ಟೇ ಕಂಡ ಹೊಳೆ. ನಾನಿರುವ ಧಾರವಾಡ ಒಂದು ನೀರಿನ ಗಡಿ. ಇಲ್ಲಿ ಒಂದು ಮಗ್ಗುಲಿಗೆ ಬಿದ್ದ ಮಳೆ ಶಾಲ್ಮಲೆಯ ಜೊತೆ ಪಶ್ಚಿಮ ಸಮುದ್ರಕ್ಕೆ ಹೋಗುತ್ತದೆ, ಇನ್ನೊಂದು ಮಗ್ಗುಲಿನದು ತುಪ್ಪರಿಹಳ್ಳ, ಬೆಣ್ಣೆಹಳ್ಳಗಳ ಮೂಲಕ ನಿಮ್ಮೂರಿನ ಹೊಳೆಗೆ ಬಂದು ಬಂಗಾಳ ಉಪಸಾಗರ ಸೇರುತ್ತದೆ. ಒಂದೇ ಊರಿನ ನೀರೇ ಹೀಗೆ ಇಬ್ಭಾಗವಾಗುವಾಗ ಉತ್ತರದ ಹಿಮ ನರ್ಮದೆ, ಗೋದಾವರಿಗಳನ್ನು ದಾಟಿ ಇಲ್ಲಿಗೆ ಬರುವ ಮಾತು ದೂರವೇ ಉಳಿಯಿತು.

ಇನ್ನು ಕಲೋನ್‌ನಲ್ಲಿ ನಿಜವಾಗಿ ಆದದ್ದೇನು ಎಂಬುದಕ್ಕೆ ಬರೋಣ. 1993ರ ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿನ ಮಾಪಕದಲ್ಲಿ ನೀರು 10.63 ಮೀಟರ್‌ಗೆ ಏರಿತು. ಹದಿಮೂರು ತಿಂಗಳು ಕಳೆದು 1995ರ ಜನವರಿ ಕೊನೆಗೆ 10.69 ಮೀಟರ್. ಎರಡು ಸಲವೂ ಹಳೆಯ ಪೇಟೆಗೆ ನೀರು ನುಗ್ಗಿತು, ಆಗಿದ್ದ ತಡೆ ಹತ್ತು ಮೀಟರ್‌ಗೆ ಸಾಕಾಗುವಷ್ಟು ಮಾತ್ರ. ಎರಡನೆಯ ಸಲ ನದಿ ಕೆಳಗೆ ನೆದರ್‌ಲೆಂಡ್ಸ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಿ ಸಾಗಿಸಿದರು. ಮಾಪಕದ ಅಂಕಿಯನ್ನು ಆಳವೆಂದು ತಿಳಿಯಬೇಡಿ, ಅದು ಗೊತ್ತುಪಡಿಸಿದ ಒಂದು ಗುರುತಿನಿಂದ ಮೇಲಕ್ಕೆ ಅಳೆದ ಎತ್ತರ. ಸಾಮಾನ್ಯ ದಿನಗಳಲ್ಲಿ ಅದು ಮೂರು, ಮೂರೂವರೆ ಮೀಟರ್ ಆಸುಪಾಸಿನಲ್ಲಿರುತ್ತದೆ. 1995ರ ಆ ದಿನ ನದಿಯಲ್ಲಿ ಹರಿದ ನೀರು ಸೆಕೆಂಡಿಗೆ ಸುಮಾರು 11,000 ಘನ ಮೀಟರ್, ನಮ್ಮ ಲೆಕ್ಕದಲ್ಲಿ 3.9 ಲಕ್ಷ ಕ್ಯೂಸೆಕ್ ಹತ್ತಿರ. ನವಿಲುತೀರ್ಥದ ಜಲಾಶಯವಾದ ರೇಣುಕಾಸಾಗರದ ಪೂರ್ಣ ಸಾಮರ್ಥ್ಯ 37.73 ಟಿಎಂಸಿ. ಅದನ್ನು ಪೂರ್ತಿ ಖಾಲಿ ಮಾಡಿ ಆ ನದಿಯನ್ನು ಅದರೊಳಗೆ ತಿರುಗಿಸಿದರೆ ಒಂದು ಹಗಲು, ಒಂದು ರಾತ್ರಿ, ಮೇಲೆ ಮೂರು ಗಂಟೆಯಲ್ಲಿ ತುಂಬಿಬಿಡುತ್ತದೆ.

ಆದರೆ ಈ ಎರಡು ನೆರೆಗಳಲ್ಲಿ ನಾನು ಇಂದಿಗೂ ಮೆಚ್ಚುವ ಅಂಶ ಬೇರೆಯದು. ಎರಡನೆಯ ಸಲ ನೀರು ತುಸು ಹೆಚ್ಚೇ ಏರಿದ್ದರೂ ಕಲೋನ್‌ನಲ್ಲಿ ಆದ ಹಾನಿ ಮೊದಲ ಸಲದ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಆ ಹದಿಮೂರು ತಿಂಗಳಲ್ಲಿ ಹೊಸ ಗೋಡೆಯೇನೂ ಎದ್ದಿರಲಿಲ್ಲ. ಜನ ನೆಲಮಾಳಿಗೆಯಿಂದ ಸಾಮಾನು ಮೇಲೆ ತಂದಿದ್ದರು, ವಿದ್ಯುತ್ ಪೆಟ್ಟಿಗೆ ಎತ್ತರಿಸಿದ್ದರು, ಎಚ್ಚರಿಕೆ ಬಂದಾಗ ನಂಬಿದ್ದರು. ನಿಮ್ಮ ಪ್ರಶ್ನೆಗೆ ಉತ್ತರದ ಅರ್ಧ ಇದರಲ್ಲಿಯೇ ಇದೆ.

ಬೇಗ ಏರುವ ನೀರಿಗೂ ನಿಧಾನವಾಗಿ ಏರುವ ನೀರಿಗೂ ಇರುವ ಅಂತರ ನಿಮಗೆ ಹೊಸದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಬೆಣ್ಣೆಹಳ್ಳದ ಸೇತುವೆಯ ಬಳಿ ಅಳತೆಪಟ್ಟಿ ಓದುತ್ತ ಕೂತಿದ್ದೆ. ಮೇಲೆ ಚುಕ್ಕಿಗಳು ನಿಚ್ಚಳವಾಗಿ ಕಾಣುತ್ತಿದ್ದವು, ಒಂದು ಹನಿ ಮಳೆಯಿಲ್ಲ. ಜೊತೆಗಿದ್ದ ಸಿಬ್ಬಂದಿ ಸ್ಟೋವ್ ಹಚ್ಚಿ ಚಹಾ ಕುದಿಸಿ ಕೊಡುವಷ್ಟರಲ್ಲಿ ಪಟ್ಟಿಯ ಮೇಲೆ ನಾನು ಸೀಮೆಸುಣ್ಣದಿಂದ ಗೆರೆ ಎಳೆದಿದ್ದ ಜಾಗ ನೀರಿನಡಿ ಹೋಗಿತ್ತು. ಮಳೆ ಸಂಜೆಯೇ ಕುಂದಗೋಳದ ಕಡೆ ಸುರಿದು ಮುಗಿದಿತ್ತು. ಜರ್ಮನಿಯಲ್ಲಿಯೂ ಇಂಥ "ಬೆಣ್ಣೆಹಳ್ಳ"ಗಳಿವೆ. 2021ರ ಜುಲೈನಲ್ಲಿ ಆಹರ್ ಎಂಬ ಚಿಕ್ಕ ನದಿಯ ಕಡಿದಾದ ಕಣಿವೆ ಮತ್ತು ಸುತ್ತಲಿನ ಪ್ರದೇಶಗಳಲ್ಲಿ ಒಂದೇ ರಾತ್ರಿ ಬಂದ ನೆರೆಗೆ ಆ ದೇಶದಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ಅದು ಚಳಿಗಾಲವಲ್ಲ, ಅದರಲ್ಲಿ ಹಿಮದ ಪಾತ್ರವೂ ಇರಲಿಲ್ಲ. ಮಗಳು ನೋಡಿದ ಮನೆ ಅಂಥ ಚಿಕ್ಕ ಹಳ್ಳದ ಪಕ್ಕದಲ್ಲಿದ್ದಿದ್ದರೆ ನಾನು ಎರಡನೆಯ ಮಾತಿಲ್ಲದೆ ಬೇಡವೆನ್ನುತ್ತಿದ್ದೆ. ರೈನ್ ಹಾಗಲ್ಲ. ಮೋಸೆಲ್ ಬಂದು ಕೂಡುವ ಕೋಬ್ಲೆನ್ಸ್‌ನಿಂದ ನೆರೆಯ ಅಲೆ ಕಲೋನ್‌ಗೆ ಬರಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ, ಅದಕ್ಕೂ ಮೇಲಿನಿಂದ ಬರುವುದಕ್ಕೆ ಇನ್ನೂ ಹೆಚ್ಚು. 6.20 ಮೀಟರ್‌ಗೆ ಹಡಗುಗಳ ವೇಗ ಕಡಿಮೆ ಮಾಡಿಸುತ್ತಾರೆ, 8.30ಕ್ಕೆ ಹಡಗು ಸಂಚಾರವನ್ನೇ ನಿಲ್ಲಿಸುತ್ತಾರೆ. ಮನೆಗಳ ಮಾತು ಬರುವುದು ಅದಕ್ಕಿಂತ ಬಹಳ ಮೇಲೆ.

ಮಾಲೀಕರು ಹೇಳುವ ಗೋಡೆ ಇರುವುದು ನಿಜ. 1995ರ ನಂತರ ನಗರದವರು ದಂಡೆಯುದ್ದಕ್ಕೂ ತಡೆಗಳನ್ನು ಕಟ್ಟಿದರು. ಹಳೆಯ ಪೇಟೆಯ ಮುಂದೆ ನೀರು ಏರುವಾಗ ಮಾತ್ರ ಕಂಬ ನೆಟ್ಟು ಅಲ್ಯೂಮಿನಿಯಂ ಪಟ್ಟಿಗಳನ್ನು ಜೋಡಿಸುವ ವ್ಯವಸ್ಥೆಯಿದೆ. ಬೇರೆ ಬೇರೆ ಭಾಗಗಳಲ್ಲಿ ಅದು 11.30 ಅಥವಾ 11.90 ಮೀಟರ್‌ವರೆಗೆ ತಡೆಯುವ ಲೆಕ್ಕದಲ್ಲಿದೆ. ಎಂದರೆ 1995ರ ನೀರು ಮತ್ತೆ ಬಂದರೆ ಗೋಡೆಯ ಈಚೆ ರಸ್ತೆ ಒಣಗಿಯೇ ಇರಬೇಕು. ಇದರಲ್ಲಿ 11.30 ಎಂಬುದು ನೂರು ವರ್ಷಕ್ಕೊಮ್ಮೆಯ ನೆರೆಯ ಮಟ್ಟ ಎನ್ನುತ್ತಾರೆ. ಈ ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆ. ಅದರ ಅರ್ಥ ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವವಿದೆ ಎಂದಷ್ಟೇ, ಒಮ್ಮೆ ಬಂದರೆ ನೂರು ವರ್ಷ ರಜೆ ಎಂದಲ್ಲ. 1993, 1995ರ ಹಾಗೆ ಬೆನ್ನಿಗೆ ಬೆನ್ನಿಗೆ ದೊಡ್ಡ ನೆರೆಗಳು ಬರಬಹುದು. 1784ರ ಫೆಬ್ರವರಿಯಲ್ಲಿ ಮಂಜುಗಡ್ಡೆಗಳು ಅಡ್ಡ ಸಿಕ್ಕಿ ಅದೇ ಊರಿನಲ್ಲಿ ನೀರು 13.55 ಮೀಟರ್‌ಗೆ ಏರಿದ ದಾಖಲೆಯೂ ಇದೆ, ಆದರೆ ಈಗ ಅಲ್ಲಿ ನದಿ ಹಾಗೆ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಅದನ್ನು ನೆನೆದು ನಿದ್ದೆಗೆಡುವ ಅಗತ್ಯವಿಲ್ಲ. ಹವೆ ಬಿಸಿಯಾಗುತ್ತಿರುವುದನ್ನೂ ಈ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ಆವಿ ಶೇಕಡ 7ರಷ್ಟು ಹೆಚ್ಚುತ್ತದೆ. ಮುಂದಿನ ದಿನಗಳಲ್ಲಿ ಅಲ್ಲಿ ಹಿಮ ಕಡಿಮೆಯಾಗಿ, ಹಿಂದೆ ಹಿಮವಾಗಿ ಬೀಳುತ್ತಿದ್ದುದು ಮಳೆಯಾಗಿಯೇ ಬೀಳುವುದು ಹೆಚ್ಚಾಗುತ್ತದೆ.

ಗೋಡೆ ತಡೆಯಲಾರದ ನೀರು ಇನ್ನೊಂದಿದೆ. ನಮ್ಮ ಕಡೆ ನೆಲದೊಳಗೆ ತೋಡಿ ಕಾಳು ತುಂಬಿಡುವ ಹಗೇವು ನೀವು ಬಲ್ಲಿರಿ. ಹೊಳೆಯ ನೀರು ಮನೆಯ ಕಟ್ಟೆಯನ್ನೂ ಮುಟ್ಟದೆ ಇಳಿದುಹೋದರೂ ಹಗೇವಿನೊಳಗಿನ ಜೋಳ ತಳದಿಂದ ಕಪ್ಪಾಗಿ ನಾತ ಹೊಡೆದದ್ದನ್ನು ನದಿದಂಡೆಯ ಊರುಗಳಲ್ಲಿ ನಾನೇ ಕಂಡಿದ್ದೇನೆ. ನದಿ ವಾರಗಟ್ಟಲೆ ಎತ್ತರದಲ್ಲಿ ನಿಂತರೆ ಮಣ್ಣಿನೊಳಗಿನ ನೀರೂ ಅದರ ಜೊತೆ ಏರುತ್ತದೆ, ತಗ್ಗಿರುವ ಕಡೆ ಒರತೆಯಾಗಿ ಏಳುತ್ತದೆ. ಕಲೋನ್‌ನ ತಳ ಮರಳು, ಜಲ್ಲಿಯದು, ನೀರು ಅದರಲ್ಲಿ ಸುಲಭವಾಗಿ ಸರಿಯುತ್ತದೆ. ಆದ್ದರಿಂದ ಗೋಡೆಯ ಈಚೆ ರಸ್ತೆ ಒಣಗಿರುವಾಗಲೂ ನೆಲಮಾಳಿಗೆಯ ಹಾಸಿನಲ್ಲಿ ಹಾಗೂ ಗೋಡೆಯ ಬುಡದಲ್ಲಿ ನೀರು ಜಿನುಗಬಹುದು. ಇದರ ಜೊತೆಗೆ ತುಂಬಿದ ಚರಂಡಿಯ ನೀರು ಹಿಮ್ಮುಖವಾಗಿ ಬಂದು ನೆಲಮಾಳಿಗೆಯ ಮೋರಿಯಿಂದ ಉಕ್ಕುವುದೂ ಉಂಟು, ಅದನ್ನು ತಡೆಯಲು ಕೊಳವೆಯಲ್ಲಿ ಒಂದು ಕವಾಟ ಕೂರಿಸಿರಬೇಕು.

ಇಷ್ಟಾದರೆ ಒಂದಷ್ಟು ಹಳೆಯ ಪೆಟ್ಟಿಗೆ ಒದ್ದೆಯಾದವು ಎಂದು ಬಿಡಬಹುದಿತ್ತು. ಆದರೆ ಅಲ್ಲಿನ ಬಹಳ ಕಟ್ಟಡಗಳಲ್ಲಿ ಮನೆಗೆಲ್ಲ ಕಾವು ಕೊಡುವ ಬಾಯ್ಲರ್, ವಿದ್ಯುತ್ ಮೀಟರ್‌ಗಳು, ಲಿಫ್ಟಿನ ಯಂತ್ರ, ಕೆಲವು ಹಳೆಯ ಕಟ್ಟಡಗಳಲ್ಲಿ ಎಣ್ಣೆಯ ಟ್ಯಾಂಕು, ಎಲ್ಲವೂ ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿ ಒಂದು ಮೊಳ ನೀರು ನಿಂತರೆ ಮೂರನೆಯ ಮಹಡಿಯವರೂ ಚಳಿಯಲ್ಲಿ ಕೂರಬೇಕಾಗುತ್ತದೆ. ನಿಮ್ಮ ಮಗಳ ಮಟ್ಟಿಗೆ ನಾನು ಮುಖ್ಯವೆಂದು ಎಣಿಸುವ ಅಪಾಯ ಇದೇ. ಹೊರಗೆ ಸೊನ್ನೆಯ ಆಸುಪಾಸಿನ ಚಳಿಯಿರುವಾಗ ಹಸಿ ಬಾಣಂತಿ, ಹತ್ತು ದಿನದ ಕೂಸು ಕಾವಿಲ್ಲದ ಮನೆಯಲ್ಲಿ ಒಂದು ರಾತ್ರಿಯೂ ಇರುವಂತಿಲ್ಲ.

ಇಲ್ಲಿ ನಿಮಗೊಂದು ಮಾತನ್ನು ಬಿಡಿಸಿ ಹೇಳಬೇಕು. ಕಾವು ನಿಂತಿತೆಂದು ದಯವಿಟ್ಟು ಅಗ್ಗಿಷ್ಟಿಗೆಯಲ್ಲಿ ಕೆಂಡ ಮಾಡಿ ಕೋಣೆಯಲ್ಲಿಡಬೇಡಿ, ಬಾಣಂತಿಗೆ ಕಾಸುವುದಕ್ಕೂ ಬೇಡ, ಕೂಸಿಗೆ ಲೋಬಾನ ಹಾಕುವುದಕ್ಕೂ ಬೇಡ. ಹೆಂಚಿನ ಸಂದಿಯಿಂದ, ಬೆಳಕಿಂಡಿಯಿಂದ ಗಾಳಿಯಾಡುವ ನಮ್ಮ ಮನೆಗಳಲ್ಲಿ ನಡೆದುಬಂದ ಪದ್ಧತಿ ಅದು. ಅಲ್ಲಿನ ಮನೆಗಳನ್ನು ಗಾಳಿ ನುಸುಳದಂತೆ ಕಟ್ಟಿರುತ್ತಾರೆ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಮಲಗಿದಲ್ಲಿಯೇ ಹೋಗಿಬಿಡುತ್ತಾರೆ.

ಹಾಗಾದರೆ ಮನೆಯ ತೀರ್ಮಾನ ಹೇಗೆ? ದಂಡೆಯಿಂದ ದೂರ, ಎತ್ತರದ ಬಡಾವಣೆಗೆ ಹೋಗುವುದು ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ. ಆದರೆ ಬಾಡಿಗೆ ಮನೆ ಸಿಗುವುದೇ ಕಷ್ಟವಾದ ಆ ಊರಿನಲ್ಲಿ ಏಳು ತಿಂಗಳ ಗರ್ಭಿಣಿ ಮನೆ ಹುಡುಕುತ್ತ ಅಲೆಯುವುದೂ, ಆಸ್ಪತ್ರೆ ದೂರವಾಗುವುದೂ ಸಣ್ಣ ತೊಂದರೆಗಳಲ್ಲ. ಅದೇ ಕಟ್ಟಡದಲ್ಲಿ ಅಥವಾ ಅದೇ ಓಣಿಯಲ್ಲಿ ಮೊದಲ ಮಹಡಿ ಸಿಕ್ಕರೆ ನೀರಿನ ಭಯ ತಪ್ಪುತ್ತದೆ, ಕಾವಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ನೆಲಮಹಡಿಯನ್ನೇ ಹಿಡಿಯುವುದಾದರೆ ಮೂರು ವಿಷಯ ಖಚಿತಪಡಿಸಿಕೊಂಡು ಹಿಡಿಯಲಿ: ಬಾಯ್ಲರ್ ಮತ್ತು ಮೀಟರ್ ಎಲ್ಲಿವೆ, ಚರಂಡಿಯ ಕವಾಟ ಇದೆಯೇ, ನಗರದವರು ಪ್ರಕಟಿಸಿರುವ ನೆರೆ ನಕ್ಷೆಯಲ್ಲಿ ಆ ಮನೆ ಯಾವ ಮಟ್ಟದ ನೀರಿಗೆ ಮುಳುಗುತ್ತದೆ ಎಂದು ತೋರಿಸಿದ್ದಾರೆ. ಆ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು, ಅಳಿಯನವರಿಗೆ ಅರ್ಧ ಗಂಟೆಯ ಕೆಲಸ. ಮನೆಯ ಸಾಮಾನಿನ ಸಾಧಾರಣ ವಿಮೆಯಲ್ಲಿ ನೆರೆ ಸೇರಿರುವುದಿಲ್ಲ, ಅದಕ್ಕೆ ಬೇರೆ ಹಣ ಕಟ್ಟಬೇಕು, ಕಟ್ಟಿದರೂ ನೆಲದೊಳಗಿನಿಂದ ಜಿನುಗಿದ ನೀರಿಗೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ ಎಂಬುದೂ ತಿಳಿದಿರಲಿ.

ನನ್ನನ್ನು ಕೇಳಿದರೆ ಬೇರೆ ಮನೆ ಹುಡುಕುವ ಹೊತ್ತು ಮುಗಿದಿದೆ, ಮೊದಲ ಮಹಡಿಗೆ ಪ್ರಯತ್ನಿಸಲಿ. ಅದು ಸಿಗದಿದ್ದರೆ, ನಕ್ಷೆಯಲ್ಲಿ ಆ ಮನೆ 11.30ರ ನೀರಿಗೂ ಒಣಗಿಯೇ ಇರುತ್ತದೆ ಎಂದಿದ್ದರೆ, ನೆಲಮಹಡಿಯನ್ನೂ ಹಿಡಿಯಬಹುದು. ನೆಲಮಾಳಿಗೆಯಲ್ಲಿ ಮಾತ್ರ ಕೂಸಿನ ಸಾಮಾನು, ಕಾಗದಪತ್ರ, ನೀವು ಒಯ್ಯುವ ರೊಟ್ಟಿ, ಚಟ್ನಿಪುಡಿ, ಅಂಟಿನುಂಡೆ ಯಾವುದನ್ನೂ ಇಡಬೇಡಿ. ಜೊತೆಗೆ, ಎತ್ತರದಲ್ಲಿರುವ ಒಬ್ಬ ಪರಿಚಯದವರ ಮನೆಯಲ್ಲಿ ಎರಡು ವಾರ ಇರಲು ಈಗಲೇ ಮಾತಾಡಿಕೊಂಡಿರಲಿ. ದೊಡ್ಡ ನೆರೆ ಇಳಿಯಲು ದಿನಗಳು ಬೇಕು, ಬಾಯ್ಲರ್ ಒಣಗಿ ಮತ್ತೆ ಹತ್ತಲು ಅದಕ್ಕಿಂತ ಹೆಚ್ಚು. ಹೆರಿಗೆಯ ಆಸ್ಪತ್ರೆ ನದಿಯ ಇದೇ ದಂಡೆಯಲ್ಲಿದ್ದರೆ ಒಳ್ಳೆಯದು, ನೀರು ಏರಿದಾಗ ದಂಡೆಯ ರಸ್ತೆಗಳನ್ನು ಮುಚ್ಚುತ್ತಾರೆ.

ನೆಲಮಾಳಿಗೆಗೆ ನೀರು ಬರುತ್ತಿದೆ ಎಂದು ಗೊತ್ತಾದ ಮೇಲೆ ಏನನ್ನೋ ತರಲೆಂದು ಯಾರೂ ಕೆಳಗೆ ಇಳಿಯಕೂಡದು. ಬಾಗಿಲಿನ ಆಚೆ ಅರ್ಧ ಮೀಟರ್ ನೀರು ನಿಂತರೆ ಅದು ಬಾಗಿಲನ್ನು ನೂರು ಕಿಲೋಗೂ ಹೆಚ್ಚಿನ ಭಾರದಿಂದ ಒತ್ತುತ್ತದೆ, ಒಳಗಿದ್ದವರು ಅದನ್ನು ತೆರೆಯಲಾರರು. ಲಿಫ್ಟ್ ಹತ್ತುವುದೂ ಬೇಡ. ಎಚ್ಚರಿಕೆಗೆ ಅಲ್ಲಿನ ಸರ್ಕಾರದ "ನೀನಾ" ಎಂಬ ಆ್ಯಪ್ ಇದೆ, ಅಳಿಯನವರು ನಿಮ್ಮ ಫೋನಿಗೂ ಹಾಕಿಕೊಡಲಿ. ತುರ್ತು ಸಂಖ್ಯೆ ಇಲ್ಲಿಯಂತೆಯೇ 112.

ಇನ್ನೊಂದು ಎಚ್ಚರಿಕೆ ನಿಮ್ಮ ಕಣ್ಣಿಗೇ ಕಾಣುವಂತಿದೆ. ಹಳೆಯ ಪೇಟೆಯ ದಂಡೆಯ ಮೇಲೆ ಒಂದು ಗೋಪುರವಿದೆ, ಅದರ ಮುಖ ನೋಡಲು ಗಡಿಯಾರದ ಹಾಗೆ. ಆದರೆ ಅದು ಹೊತ್ತು ತೋರಿಸುವುದಿಲ್ಲ, ನೀರನ್ನು ತೋರಿಸುತ್ತದೆ. ಚಿಕ್ಕ ಮುಳ್ಳು ಮೀಟರ್, ದೊಡ್ಡ ಮುಳ್ಳು ಮೀಟರಿನ ಹತ್ತನೆಯ ಪಾಲು. ಸಂಜೆ ಅಳಿಯನವರ ಜೊತೆ ಆ ಕಡೆ ಅಡ್ಡಾಡಲು ಹೋದಾಗ ಚಿಕ್ಕ ಮುಳ್ಳು ಮೂರರ ಆಸುಪಾಸಿನಲ್ಲಿದ್ದರೆ ನದಿ ತನ್ನ ಪಾಡಿಗೆ ತಾನಿದೆ. ಆರು ದಾಟಿದರೆ ದಿನಕ್ಕೆರಡು ಸಲ ವರದಿ ನೋಡಿ. ಎಂಟು ದಾಟಿ ಇನ್ನೂ ಏರುತ್ತದೆ ಎಂದು ವರದಿ ಹೇಳಿದರೆ, ಮೊದಲೇ ಮಾತಾಡಿಟ್ಟ ಮನೆಗೆ ಫೋನು ಮಾಡಿಸಿ, ಹಗಲಿರುವಾಗಲೇ ಬಾಣಂತಿ, ಕೂಸನ್ನು ಕರೆದುಕೊಂಡು ಹೊರಡಿ. ಮನೆಯ ಮುಂದೆ ಒಂದು ಹನಿ ನೀರು ಕಾಣದಿದ್ದರೂ ಹೊರಡಿ.